ನರ ಕಾಂಡಕೋಶಗಳಿಗೆ ಆಮ್ಲಜನಕವನ್ನು ಅಳೆದು ಕೊಡುವ ಬಗೆ: ಕರಾವಳಿಯ ಪ್ರಯೋಗಾಲಯಗಳಿಗೆ ಒಂದು ಕೈಪಿಡಿ

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 20.9. ಅದೇ ಆಮ್ಲಜನಕವು ಶ್ವಾಸಕೋಶವನ್ನು ದಾಟಿ, ರಕ್ತದಲ್ಲಿ ಸಾಗಿ, ಲೋಮನಾಳಗಳಿಂದ ಹೊರಬಿದ್ದು ಮಿದುಳಿನ ಅಂಗಾಂಶವನ್ನು ತಲುಪುವಷ್ಟರಲ್ಲಿ, ಜಾಗಕ್ಕೆ ತಕ್ಕಂತೆ, ಸುಮಾರು ಶೇಕಡಾ 1ರಿಂದ 8ರ ಮಟ್ಟಕ್ಕೆ ಇಳಿದಿರುತ್ತದೆ. ನರಕೋಶಗಳಿಗೂ ಮಿದುಳಿನ ಇತರ ಕೋಶಗಳಿಗೂ ಮೂಲವಾದ ನರ ಕಾಂಡಕೋಶಗಳು ಹುಟ್ಟುವುದೂ ವಿಭಜನೆಯಾಗುವುದೂ ಈ ಇಳಿದ ಮಟ್ಟದಲ್ಲೇ. ಹಾಗಾಗಿ ಕೋಣೆಯ ಗಾಳಿಗೆ ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆಸುವ ಸಾಧಾರಣ ಇನ್‌ಕ್ಯುಬೇಟರಿನಲ್ಲಿ ಅವನ್ನು ಬೆಳೆಸಿ, ನೋಟ್‌ಬುಕ್ಕಿನಲ್ಲಿ ನಾವು 'ಸಹಜ ಆಮ್ಲಜನಕ' ಎಂದು ಬರೆದುಕೊಳ್ಳುವ ಸ್ಥಿತಿಯು ಆ ಕೋಶಗಳ ಪಾಲಿಗೆ ಮಿತಿಮೀರಿದ ಆಮ್ಲಜನಕದ ಸ್ಥಿತಿಯಾಗಿರುತ್ತದೆ.

ಮಂಗಳೂರು, ದೇರಳಕಟ್ಟೆ, ಮಣಿಪಾಲಗಳ ಪ್ರಯೋಗಾಲಯಗಳಲ್ಲಿ ಈ ಕೋಶಗಳೊಂದಿಗೆ ಮೊದಲ ಬಾರಿಗೆ ಕೆಲಸಕ್ಕೆ ಇಳಿಯುತ್ತಿರುವ ಎಂ.ಎಸ್ಸಿ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಲ್ಚರ್ ಮಾಡುವ, ಅಂದರೆ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ಕೈಚಳಕ ನಿಮಗೆ ಈಗಾಗಲೇ ಇದೆಯೆಂದು ಭಾವಿಸಿದ್ದೇನೆ. ಇಲ್ಲಿ ಒತ್ತಿ ಹೇಳಬೇಕಾದದ್ದು ಒಂದೇ ಸಂಗತಿ: ಇನ್‌ಕ್ಯುಬೇಟರಿನ ಪರದೆಯಲ್ಲಿ ಕಾಣುವ ಸಂಖ್ಯೆ ಆ ಪೆಟ್ಟಿಗೆಯೊಳಗಿನ ಗಾಳಿಗೆ ಸೇರಿದ್ದು, ತಟ್ಟೆಯ ತಳದಲ್ಲಿ ಅಂಟಿ ಕುಳಿತಿರುವ ಕೋಶಕ್ಕೆ ಸಿಗುವ ಆಮ್ಲಜನಕ ಬೇರೆಯೇ ಆಗಿರಬಹುದು. ಇವೆರಡರ ನಡುವಿನ ಅಂತರವನ್ನು ಅರಿಯದೆ ಮಾಡಿದ ಪ್ರಯೋಗವನ್ನು ಇನ್ನೊಬ್ಬರು ಮರಳಿ ಮಾಡಿ ನೋಡಲು ಸಾಧ್ಯವಾಗುವುದಿಲ್ಲ.

ಆಮ್ಲಜನಕದ ಇಳಿಕೆಯನ್ನು ಕೋಶ ಅರಿಯುವ ಬಗೆ

ವಯಸ್ಕ ಸಸ್ತನಿಗಳ ಮಿದುಳಿನಲ್ಲಿ ನರ ಕಾಂಡಕೋಶಗಳು ಮುಖ್ಯವಾಗಿ ಎರಡು ಕಡೆ ಉಳಿದಿರುತ್ತವೆ. ಒಂದು, ಪಾರ್ಶ್ವ ಕುಹರಗಳ ಗೋಡೆಗೆ ತಾಗಿಕೊಂಡಿರುವ ಪದರ. ಇನ್ನೊಂದು, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ನಲ್ಲಿರುವ ಡೆಂಟೇಟ್ ಗೈರಸ್. ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಜನನಾನಂತರವೂ ಹೊಸ ನರಕೋಶಗಳು ಹುಟ್ಟುತ್ತವೆಂದು ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ ದಾಸ್ 1965ರಲ್ಲಿ ತೋರಿಸಿದರು. 1992ರಲ್ಲಿ ರೆನಾಲ್ಡ್ಸ್ ಮತ್ತು ವೈಸ್ ವಯಸ್ಕ ಇಲಿಯ ಮಿದುಳಿನಿಂದ ತೆಗೆದ ಕೋಶಗಳನ್ನು ನ್ಯೂರೋಸ್ಫಿಯರ್ ಎಂಬ ತೇಲುವ ಗೋಲಿಗಳಾಗಿ ಬೆಳೆಸಿದರು. ಇಂದಿಗೂ ಹೆಚ್ಚಿನ ಪ್ರಯೋಗಾಲಯಗಳ ವಿಧಾನ ಅದರ ಮುಂದುವರಿಕೆಯೇ. ವಯಸ್ಕ ಮನುಷ್ಯರಲ್ಲಿ ಈ ಕ್ರಿಯೆ ಎಷ್ಟರಮಟ್ಟಿಗೆ ಉಳಿದಿದೆ ಎಂಬ ವಿಚಾರದಲ್ಲಿ 2018ರಲ್ಲಿ ಒಂದಕ್ಕೊಂದು ವಿರುದ್ಧವಾದ ವರದಿಗಳು ಬಂದವು. ಆ ಚರ್ಚೆ ಮುಗಿದಿಲ್ಲ. ನಮ್ಮ ಕೆಲಸಕ್ಕೆ ಅದು ಅಡ್ಡಿಯೂ ಅಲ್ಲ.

ಆಮ್ಲಜನಕ ಇಳಿದಿದೆ ಎಂಬುದನ್ನು ಕೋಶವು ಮುಖ್ಯವಾಗಿ ಹಿಫ್-1 ಆಲ್ಫಾ ಎಂಬ ಪ್ರೋಟೀನಿನ ಮೂಲಕ ಅರಿಯುತ್ತದೆ. ಕೋಶ ಈ ಪ್ರೋಟೀನನ್ನು ಯಾವಾಗಲೂ ತಯಾರಿಸುತ್ತಲೇ ಇರುತ್ತದೆ. ಆದರೆ ಆಮ್ಲಜನಕ ಸಾಕಷ್ಟಿರುವಾಗ ಪ್ರೋಲೈಲ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವಗಳು ಅದರ 402 ಮತ್ತು 564ನೇ ಸ್ಥಾನದ ಪ್ರೋಲೀನ್‌ಗಳಿಗೆ ಹೈಡ್ರಾಕ್ಸಿಲ್ ಗುಂಪನ್ನು ಸೇರಿಸುತ್ತವೆ. ಆ ಗುರುತನ್ನು ಹಿಡಿದು ವಿ.ಎಚ್.ಎಲ್. ಪ್ರೋಟೀನ್ ಅದನ್ನು ನಾಶಕ್ಕೆ ಕಳುಹಿಸುತ್ತದೆ. ಮಲ್ಪೆಯ ಹಳೆಯ ದೋಣಿಯೊಳಕ್ಕೆ ಸದಾ ಜಿನುಗುವ ನೀರನ್ನು ಒಬ್ಬರು ಮೊಗೆದು ಹೊರಗೆ ಚೆಲ್ಲುತ್ತಲೇ ಇರುವಂತೆ ಇದು: ಮೊಗೆಯುವ ಕೈ ನಿಂತ ಕೂಡಲೇ ಮಟ್ಟ ಏರುತ್ತದೆ. ಕಿಣ್ವಕ್ಕೆ ಆಮ್ಲಜನಕವೇ ಕಚ್ಚಾವಸ್ತುವಾದುದರಿಂದ ಅದು ಇಳಿದಾಗ ಕಿಣ್ವದ ಕೆಲಸ ನಿಧಾನವಾಗುತ್ತದೆ. ಹಿಫ್-1 ಆಲ್ಫಾ ಉಳಿದುಕೊಂಡು ಕೋಶಕೇಂದ್ರಕ್ಕೆ ಹೋಗಿ, ತನ್ನ ಜೊತೆಗಾರ ಹಿಫ್-1 ಬೀಟಾದೊಂದಿಗೆ ಸೇರಿ ನೂರಾರು ಜೀನುಗಳನ್ನು ಚಾಲನೆಗೊಳಿಸುತ್ತದೆ. ಸಕ್ಕರೆಯನ್ನು ಒಳಕ್ಕೆ ತರುವ ಗ್ಲುಟ್-1, ಹೊಸ ರಕ್ತನಾಳಗಳನ್ನು ಕರೆಯುವ ವಿ.ಇ.ಜಿ.ಎಫ್., ಮೈಟೊಕಾಂಡ್ರಿಯಕ್ಕೆ ಹೋಗುವ ದಾರಿಯನ್ನು ಕಿರಿದುಗೊಳಿಸುವ ಪಿ.ಡಿ.ಕೆ.-1 ಇವೆಲ್ಲ ಆ ಪಟ್ಟಿಯಲ್ಲಿವೆ. ಈ ವ್ಯವಸ್ಥೆಯನ್ನು ಬಿಡಿಸಿಟ್ಟ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಝಾ ಅವರಿಗೆ 2019ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಸಂದಿತು.

ಕಾಂಡಕೋಶದ ಮಟ್ಟಿಗೆ ಇನ್ನೊಂದು ಕೊಂಡಿಯಿದೆ. ಕೋಶವನ್ನು ಅದರ ಎಳೆಯ ಸ್ಥಿತಿಯಲ್ಲೇ ಉಳಿಸುವ ನಾಚ್ ಸಂಕೇತಮಾರ್ಗದೊಂದಿಗೆ ಹಿಫ್-1 ಆಲ್ಫಾ ಕೈಜೋಡಿಸುತ್ತದೆಂದು 2005ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಭ್ರೂಣದ ಮಿದುಳಿನಲ್ಲಿ ರಕ್ತನಾಳಗಳು ಬೆಳೆದು ಆಮ್ಲಜನಕ ಹೆಚ್ಚಿದಾಗ ಕಾಂಡಕೋಶಗಳು ವಿಸ್ತರಣೆಯನ್ನು ಬಿಟ್ಟು ನರಕೋಶಗಳಾಗುವತ್ತ ತಿರುಗುತ್ತವೆ ಎಂಬುದು 2016ರ ಇಲಿಗಳ ಅಧ್ಯಯನದಲ್ಲಿ ಕಂಡುಬಂತು. ಹಾಗೆಂದು 'ಆಮ್ಲಜನಕ ಕಡಿಮೆಯಾದರೆ ಕಾಂಡಕೋಶವಾಗಿಯೇ ಉಳಿಯುತ್ತದೆ' ಎಂಬ ಒಂದೇ ಸಾಲಿನಲ್ಲಿ ಇದನ್ನು ಮುಗಿಸಬಾರದು. 2000ನೇ ಇಸವಿಯಲ್ಲಿ ಸ್ಟೂಡರ್ ಮತ್ತು ಸಂಗಡಿಗರು ಇಲಿಯ ನಡುಮಿದುಳಿನ ಪೂರ್ವಕೋಶಗಳನ್ನು ಶೇಕಡಾ 3ರ ಆಸುಪಾಸಿನಲ್ಲಿ ಬೆಳೆಸಿದಾಗ ಕೋಶಗಳ ಸಂಖ್ಯೆ ಹೆಚ್ಚಿತು, ಸಾವು ಕಡಿಮೆಯಾಯಿತು, ಮಾತ್ರವಲ್ಲ, ಡೋಪಮೈನ್ ತಯಾರಿಸುವ ನರಕೋಶಗಳ ಪಾಲೂ ಏರಿತು. ಒಟ್ಟಿನಲ್ಲಿ ಶೇಕಡಾ 2ರಿಂದ 5ರ ಮಟ್ಟವು ಬಹುತೇಕ ನರ ಕಾಂಡಕೋಶಗಳಿಗೆ ಹಿತವಾದುದು. ಶೇಕಡಾ 1ಕ್ಕಿಂತ ಕೆಳಗೆ ಇಳಿದಂತೆ ವಿಭಜನೆ ಕುಗ್ಗಿ, ಮುಂದೆ ಸಾವೂ ಕಾಣಿಸಿಕೊಳ್ಳುತ್ತದೆ. ಶೇಕಡಾ 3 ಮತ್ತು ಶೇಕಡಾ 0.5 ಎರಡನ್ನೂ 'ಹೈಪಾಕ್ಸಿಯ' (ಆಮ್ಲಜನಕದ ಕೊರತೆ) ಎಂಬ ಒಂದೇ ಹೆಸರಿನಡಿ ಸೇರಿಸಿ ಬರೆದ ಪ್ರಬಂಧಗಳನ್ನು ಓದುವಾಗ ಇದನ್ನು ಗಮನದಲ್ಲಿಡಬೇಕು. ಮೊದಲನೆಯದು ಮಿದುಳಿನ ದೈನಂದಿನ ಸ್ಥಿತಿ, ಎರಡನೆಯದು ಅಂಗಾಂಶಕ್ಕೆ ಪೆಟ್ಟು ಬಿದ್ದ ಸ್ಥಿತಿ.

ಸಿದ್ಧತೆ

ಮೊದಲ ಕೆಲಸ ಅನುಮತಿಯದು. ಇಲಿಯ ಅಂಗಾಂಶ ಬೇಕಿದ್ದರೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ಮಾನವ ಕಾಂಡಕೋಶಗಳಾದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2017ರ ರಾಷ್ಟ್ರೀಯ ಮಾರ್ಗಸೂಚಿಯಂತೆ ಸಂಸ್ಥೆಯ ಕಾಂಡಕೋಶ ಸಂಶೋಧನಾ ಸಮಿತಿಯ ಮುಂದೆ ಹೋಗಬೇಕು. ಇದನ್ನು ಪ್ರಯೋಗ ಮುಗಿದ ಮೇಲೆ ಸರಿಪಡಿಸಿಕೊಳ್ಳಲು ಬರುವುದಿಲ್ಲ.

ಉಪಕರಣವಾಗಿ ಸಾರಜನಕವನ್ನು ಹಾಯಿಸಿ ಆಮ್ಲಜನಕವನ್ನು ಹೊರದೂಡುವ ಟ್ರೈ-ಗ್ಯಾಸ್ ಇನ್‌ಕ್ಯುಬೇಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗಾಳಿಯಾಡದ ಸಣ್ಣ ಚೇಂಬರಿನಲ್ಲಿ ತಟ್ಟೆಗಳನ್ನಿಟ್ಟು, ಮೊದಲೇ ಬೆರೆಸಿ ತಂದ ಅನಿಲವನ್ನು ಹಾಯಿಸಿ ಮುಚ್ಚಿ, ಇಡೀ ಚೇಂಬರನ್ನು 37 ಡಿಗ್ರಿಯ ಸಾಧಾರಣ ಇನ್‌ಕ್ಯುಬೇಟರಿನೊಳಗೆ ಇಡಬಹುದು. ಒಂದು ಗಂಟೆಯ ನಂತರ ಮತ್ತೊಮ್ಮೆ ಅನಿಲ ಹಾಯಿಸಲೇಬೇಕು, ಏಕೆಂದರೆ ಮೀಡಿಯಾದಿಂದಲೂ (ಕೋಶಗಳನ್ನು ಬೆಳೆಸುವ ಪೋಷಕ ದ್ರವ) ತಟ್ಟೆಯ ಪ್ಲಾಸ್ಟಿಕ್ಕಿನಿಂದಲೂ ಅಷ್ಟರಲ್ಲಿ ಆಮ್ಲಜನಕ ಹೊರಬಂದು ಮಟ್ಟವನ್ನು ಏರಿಸಿರುತ್ತದೆ. ಸಣ್ಣ ಪ್ರಯೋಗಗಳಿಗೆ ಈ ಚೇಂಬರೇ ವಾಸಿ ಎಂಬುದು ನನ್ನ ಅಭಿಪ್ರಾಯ. ಹಲವರು ಹಂಚಿಕೊಂಡ ಇನ್‌ಕ್ಯುಬೇಟರಿನ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಆಮ್ಲಜನಕ ಅಳೆಯುವ ಸೆನ್ಸರಿನ ಕ್ಯಾಲಿಬ್ರೇಷನ್ (ಅಳತೆಯನ್ನು ಸರಿಹೊಂದಿಸುವುದು) ವಿಚಾರದಲ್ಲಿ ಕರಾವಳಿಯವರು ವಿಶೇಷ ಎಚ್ಚರ ವಹಿಸಬೇಕು. ಕೋಣೆಯ ಗಾಳಿಗೆ ಹಿಡಿದು '20.9' ಎಂದು ಹೊಂದಿಸುವುದು ರೂಢಿ. ಆದರೆ 20.9 ಎಂಬುದು ಒಣ ಗಾಳಿಯ ಲೆಕ್ಕ. ಜುಲೈ ತಿಂಗಳಲ್ಲಿ ಎ.ಸಿ. ಇಲ್ಲದ ಕೋಣೆಯಲ್ಲಿ 30 ಡಿಗ್ರಿ ಉಷ್ಣತೆ ಮತ್ತು ಶೇಕಡಾ 80 ತೇವಾಂಶವಿದ್ದರೆ, ನೀರಾವಿಯೇ ಸುಮಾರು 25 ಮಿಲಿಮೀಟರ್ ಪಾದರಸದಷ್ಟು ಒತ್ತಡವನ್ನು ಆಕ್ರಮಿಸಿಕೊಂಡಿರುತ್ತದೆ. 760ರಲ್ಲಿ ಅದನ್ನು ಕಳೆದು ಲೆಕ್ಕ ಹಾಕಿದರೆ ಆಮ್ಲಜನಕದ ನಿಜವಾದ ಪಾಲು ಶೇಕಡಾ 20.2ರ ಆಸುಪಾಸಿಗೆ ಬರುತ್ತದೆ. ಇದನ್ನು ಲೆಕ್ಕಿಸದೆ ಹೊಂದಿಸಿದ ಸೆನ್ಸರ್ ಆಮೇಲೆ ಎಲ್ಲ ಮಟ್ಟಗಳನ್ನೂ ತುಸು ಹೆಚ್ಚಾಗಿಯೇ ತೋರಿಸುತ್ತದೆ. ಶೇಕಡಾ 3ರಲ್ಲಿ ಈ ವ್ಯತ್ಯಾಸ ಸಣ್ಣದು, ಆದರೆ ಕೆಳಗಿನ ತುದಿಯನ್ನೂ ಶುದ್ಧ ಸಾರಜನಕದಿಂದ ಸೊನ್ನೆಗೆ ಹೊಂದಿಸದೆ ಇದ್ದಲ್ಲಿ ಎರಡೂ ದೋಷಗಳು ಸೇರಿಕೊಳ್ಳುತ್ತವೆ. ಹಾಗಾಗಿ ಸೊನ್ನೆಯ ಬಿಂದುವನ್ನು ಬಿಡಬೇಡಿ.

ಇನ್ನೊಂದು ಲೆಕ್ಕವೂ ಊರಿಗೆ ಸಂಬಂಧಿಸಿದ್ದೇ. ಸಮುದ್ರಮಟ್ಟದ ಮಂಗಳೂರಿನಲ್ಲಿ, 37 ಡಿಗ್ರಿಯ ತೇವಭರಿತ ಇನ್‌ಕ್ಯುಬೇಟರಿನೊಳಗೆ ನೀರಾವಿಯ 47 ಮಿಲಿಮೀಟರ್ ಮತ್ತು ಶೇಕಡಾ 5 ಇಂಗಾಲದ ಡೈಆಕ್ಸೈಡನ್ನು ಕಳೆದರೆ ಆಮ್ಲಜನಕದ ಆಂಶಿಕ ಒತ್ತಡ (ಒಟ್ಟು ಒತ್ತಡದಲ್ಲಿ ಅದರ ಪಾಲು) ಸುಮಾರು 141 ಮಿಲಿಮೀಟರ್, ಅಂದರೆ ಶೇಕಡಾ 18.6. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರವೇ ಶೇಕಡಾ ಹತ್ತರಷ್ಟು ಕಡಿಮೆಯಿರುವುದರಿಂದ ಅದೇ ಬಗೆಯ ಇನ್‌ಕ್ಯುಬೇಟರಿನಲ್ಲಿ 127ರ ಸಮೀಪಕ್ಕೆ ಇಳಿಯುತ್ತದೆ. ಅಲ್ಲಿನ ಸಹೋದ್ಯೋಗಿಗಳೊಂದಿಗೆ ಫಲಿತಾಂಶವನ್ನು ಹೋಲಿಸುವಾಗ ಶೇಕಡಾವಾರು ಸಂಖ್ಯೆಗಿಂತ ಮಿಲಿಮೀಟರ್ ಪಾದರಸದ ಲೆಕ್ಕವೇ ನಂಬಿಕೆಗೆ ಅರ್ಹ.

ಸಾರಜನಕದ ಸಿಲಿಂಡರಿನ ಬಗ್ಗೆ ಒಂದು ಗಂಭೀರ ಮಾತು. ಎ.ಸಿ.ಯ ತಂಪು ಹೊರಹೋಗದಂತೆ ಕಿಟಕಿಗಳನ್ನೆಲ್ಲ ಮುಚ್ಚಿದ, ಮೂರು ಮೀಟರ್ ಉದ್ದಗಲ ಎತ್ತರದ ಕೋಣೆಯಲ್ಲಿ 7 ಘನ ಮೀಟರ್ ಅನಿಲವಿರುವ ಸಿಲಿಂಡರ್ ಪೂರ್ತಿ ಸೋರಿದರೆ ಕೋಣೆಯ ಆಮ್ಲಜನಕ ಶೇಕಡಾ 16ರ ಸಮೀಪಕ್ಕೆ ಇಳಿಯಬಹುದು. ಸಾರಜನಕಕ್ಕೆ ವಾಸನೆಯಿಲ್ಲ, ಉಸಿರುಕಟ್ಟುವ ಅನುಭವವನ್ನೂ ಅದು ಕೊಡುವುದಿಲ್ಲ. ಶೇಕಡಾ 19.5ಕ್ಕೆ ಸದ್ದು ಮಾಡುವ ಆಮ್ಲಜನಕ ಅಲಾರಂ ಇಲ್ಲದ ಕೋಣೆಯಲ್ಲಿ ಈ ಕೆಲಸವನ್ನು ಆರಂಭಿಸಬಾರದು.

ಕಲ್ಚರಿನ ಹಂತಗಳು

ಮೀಡಿಯಾವನ್ನು ಹಿಂದಿನ ದಿನವೇ, ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಸುರಿದು ಕಡಿಮೆ ಆಮ್ಲಜನಕದಲ್ಲಿ ಇಡಬೇಕು. ಫ್ರಿಜ್ಜಿನಿಂದ ತೆಗೆದು ನೇರವಾಗಿ ಹಾಕಿದ ಮೀಡಿಯಾದಲ್ಲಿ ಗಾಳಿಯ ಮಟ್ಟದ ಆಮ್ಲಜನಕ ಕರಗಿರುತ್ತದೆ. ಅದು ಹೊರಹೋಗಿ ಹೊಸ ಮಟ್ಟಕ್ಕೆ ಬರಲು ಗಂಟೆಗಳೇ ಬೇಕು, ಅಷ್ಟು ಹೊತ್ತು ನಿಮ್ಮ 'ಶೇಕಡಾ 3'ರ ಕೋಶಗಳು ಶೇಕಡಾ 3ರಲ್ಲಿ ಇರುವುದಿಲ್ಲ. ಡಿ.ಎಂ.ಇ.ಎಂ./ಎಫ್-12 ಎಂಬ ಮೂಲ ದ್ರವ, ಬಿ-27 ಎಂಬ ಪೂರಕ, ತಲಾ 20 ನ್ಯಾನೊಗ್ರಾಂ ಪ್ರತಿ ಮಿಲಿಲೀಟರಿಗೆ ಇ.ಜಿ.ಎಫ್. ಮತ್ತು ಎಫ್.ಜಿ.ಎಫ್.-2 ಎಂಬ ಬೆಳವಣಿಗೆ ಅಂಶಗಳು ಇರುವ ವಾಡಿಕೆಯ ಮೀಡಿಯಾವೇ ಸಾಕು. ಆದರೆ ಬಿ-27ರ ಸಾಮಾನ್ಯ ರೂಪದಲ್ಲಿ ವಿಟಮಿನ್ ಇ, ಕ್ಯಾಟಲೇಸ್ ಮುಂತಾದ ಉತ್ಕರ್ಷಣ ನಿರೋಧಕಗಳಿವೆ. ಹೆಚ್ಚು ಆಮ್ಲಜನಕದಿಂದ ಆಗುವ ಹಾನಿಯನ್ನೇ ಅಳೆಯಹೊರಟವರು ಅವು ಆ ಹಾನಿಯನ್ನು ಮರೆಮಾಚುತ್ತವೆ ಎಂಬುದನ್ನು ಅರಿತಿರಬೇಕು.

ತಟ್ಟೆಯಲ್ಲಿ ಮೀಡಿಯಾ ಎಷ್ಟು ಆಳವಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಒಂದು ಲೆಕ್ಕ ಮಾಡಿ ನೋಡೋಣ. ಆರು ಗುಂಡಿಗಳ ಪ್ಲೇಟಿನ ಒಂದು ಗುಂಡಿಯಲ್ಲಿ 2 ಮಿಲಿಲೀಟರ್ ಹಾಕಿದರೆ ಆಳ ಸುಮಾರು 2 ಮಿಲಿಮೀಟರ್. ಒಂದು ಚದರ ಸೆಂಟಿಮೀಟರಿಗೆ ಒಂದು ಲಕ್ಷ ಕೋಶಗಳು ಅಂಟಿಕೊಂಡಿವೆ, ಪ್ರತಿ ಕೋಶವೂ ಸೆಕೆಂಡಿಗೆ 50 ಆಟ್ಟೊಮೋಲ್ ಆಮ್ಲಜನಕವನ್ನು ಬಳಸುತ್ತದೆ ಎಂದಿಟ್ಟುಕೊಳ್ಳಿ. ನೀರಿನಲ್ಲಿ ಆಮ್ಲಜನಕ ಹರಡುವ ವೇಗವನ್ನು ಹಿಡಿದು ಲೆಕ್ಕ ಹಾಕಿದರೆ, ಮೇಲ್ಮೈಯಿಂದ ತಳಕ್ಕೆ ಬರುವಷ್ಟರಲ್ಲಿ ಸುಮಾರು 33 ಮೈಕ್ರೊಮೋಲಾರ್‌ನಷ್ಟು ಕುಸಿತವಾಗುತ್ತದೆ. ಶೇಕಡಾ 5ರ ಗಾಳಿಯೊಂದಿಗೆ ಸಮತೋಲನದಲ್ಲಿರುವ ಮೀಡಿಯಾದ ಮೇಲ್ಮೈಯಲ್ಲಿ ಇರುವುದೇ ಸುಮಾರು 50 ಮೈಕ್ರೊಮೋಲಾರ್. ಅಂದರೆ ತಳದ ಕೋಶಕ್ಕೆ ಸಿಗುವುದು ಶೇಕಡಾ 2ಕ್ಕಿಂತ ಕಡಿಮೆ. ವಾರಾಂತ್ಯಕ್ಕೆ ಊರಿಗೆ ಹೊರಡುವ ಮುನ್ನ 'ಎರಡು ದಿನಕ್ಕೆ ಸಾಕಾಗಲಿ' ಎಂದು ಅದೇ ಗುಂಡಿಗೆ 4 ಮಿಲಿಲೀಟರ್ ಹಾಕಿದರೆ, ಅದೇ ಪೆಟ್ಟಿಗೆಯಲ್ಲಿ, ಪರದೆಯ ಸಂಖ್ಯೆ ಒಂದಿಷ್ಟೂ ಬದಲಾಗದೆ, ತಳದ ಕೋಶಗಳಿಗೆ ಆಮ್ಲಜನಕ ಬಹುತೇಕ ಇಲ್ಲದಂತಾಗುತ್ತದೆ. ಕಾಂಡಕೋಶಗಳು ಸಕ್ಕರೆಯನ್ನು ಆಮ್ಲಜನಕವಿಲ್ಲದೆ ಒಡೆಯುವ ದಾರಿಯನ್ನೇ ಹೆಚ್ಚು ಹಿಡಿಯುವುದರಿಂದ ಅವುಗಳ ಬಳಕೆ ಇದಕ್ಕಿಂತ ಕಡಿಮೆಯಿರಬಹುದು. ಆದರೂ ಸಾಂದ್ರತೆ ಹೆಚ್ಚಿದಂತೆ ಈ ಕುಸಿತ ಹೆಚ್ಚುತ್ತದೆ ಎಂಬುದು ಖಚಿತ. ಎಲ್ಲ ಗುಂಪುಗಳಲ್ಲೂ ಮೀಡಿಯಾದ ಪ್ರಮಾಣ, ಕೋಶಗಳ ಸಂಖ್ಯೆ ಮತ್ತು ಪ್ಲೇಟಿನ ಬಗೆ ಒಂದೇ ಇರಲಿ. ಸಾಧ್ಯವಿದ್ದಲ್ಲಿ ತಟ್ಟೆಯ ತಳದಲ್ಲೇ ಆಮ್ಲಜನಕವನ್ನು ಅಳೆಯುವ ಆಪ್ಟಿಕಲ್ ಸೆನ್ಸರ್ ಚುಕ್ಕಿಯನ್ನು ಕನಿಷ್ಠ ಒಂದು ಗುಂಡಿಯಲ್ಲಾದರೂ ಬಳಸಿ.

ನ್ಯೂರೋಸ್ಫಿಯರ್‌ಗಳಿಗೂ ಇದೇ ತರ್ಕ ಅನ್ವಯಿಸುತ್ತದೆ. ಗೋಲಿಯ ವ್ಯಾಸ ದೊಡ್ಡದಾದಂತೆ ಅದರ ನಡುವಿಗೆ ಆಮ್ಲಜನಕ ತಲುಪುವುದಿಲ್ಲ, ಮೈಕ್ರೋಸ್ಕೋಪಿನಡಿ ನಡು ಕಪ್ಪಾಗಿ ಕಾಣತೊಡಗುತ್ತದೆ. 100ರಿಂದ 150 ಮೈಕ್ರೊಮೀಟರ್ ತಲುಪುವಾಗಲೇ ಅಕ್ಯುಟೇಸ್ ಎಂಬ ಕಿಣ್ವದ್ರಾವಣದಿಂದ ಬಿಡಿಸಿ ಮರುಬಿತ್ತನೆ ಮಾಡಿ. ಆಮ್ಲಜನಕದ ಮಟ್ಟವನ್ನೇ ಅಧ್ಯಯನ ಮಾಡುವವರಿಗೆ ಕೋಶ ಅಂಟಲು ನೆರವಾಗುವ ಲ್ಯಾಮಿನಿನ್ ಪ್ರೋಟೀನ್ ಲೇಪಿಸಿದ ತಟ್ಟೆಯ ಮೇಲಿನ ಒಂಟಿ ಪದರವನ್ನೇ ನಾನು ಸೂಚಿಸುತ್ತೇನೆ. ಗೋಲಿಯೊಳಗೆ ಹೊರಪದರ ಮತ್ತು ನಡುವಿನ ಕೋಶಗಳು ಎರಡು ಬೇರೆ ಮಟ್ಟಗಳಲ್ಲಿರುವುದರಿಂದ ಉತ್ತರವೂ ಬೆರಕೆಯಾಗುತ್ತದೆ.

ಕಡಿಮೆ ಆಮ್ಲಜನಕದಲ್ಲಿ ಲ್ಯಾಕ್ಟೇಟ್ ಹೆಚ್ಚು ಬರುವುದರಿಂದ ಮೀಡಿಯಾ ಬೇಗ ಹಳದಿಗೆ ತಿರುಗುತ್ತದೆ. ಆಗ ನೀವು ನೋಡುತ್ತಿರುವುದು ಆಮ್ಲಜನಕದ ಪರಿಣಾಮವೋ ಆಮ್ಲೀಯತೆಯದೋ ಎಂದು ಹೇಳಲಾಗದು. ಎಲ್ಲ ಗುಂಪುಗಳಿಗೂ ಒಂದೇ ವೇಳೆಯಲ್ಲಿ, ಮೊದಲೇ ಸಿದ್ಧಪಡಿಸಿದ ಮೀಡಿಯಾದಿಂದ ಅರ್ಧಭಾಗ ಬದಲಿಸಿ. ಮಳೆಗಾಲದ ಸಿಡಿಲಿಗೆ ಕರೆಂಟು ಹೋದಾಗ ಸಾರಜನಕದ ವಾಲ್ವ್ ಮುಚ್ಚಿಕೊಂಡು ಒಳಗಿನ ಆಮ್ಲಜನಕ ನಿಧಾನವಾಗಿ ಏರುವುದುಂಟು, ಯು.ಪಿ.ಎಸ್. ಸಂಪರ್ಕ ಕೊಡಿ, ಮಟ್ಟವನ್ನು ತಾನಾಗಿಯೇ ದಾಖಲಿಸುವ ಲಾಗರ್ ಇಡಿ, ಬೆಳಿಗ್ಗೆ ಮೊದಲು ಅದನ್ನೇ ನೋಡಿ. ಆ ತಿಂಗಳುಗಳಲ್ಲಿ ನೀರಿನ ತಟ್ಟೆಯಲ್ಲಿ ಬೂಷ್ಟು ಹಿಡಿಯುವ ಸಂಭವವೂ ಹೆಚ್ಚು, ವಾರಕ್ಕೊಮ್ಮೆ ತೊಳೆದು ಶುದ್ಧೀಕರಿಸಿದ ನೀರು ತುಂಬಿಸಿ.

ಕೋಶಕ್ಕೆ ನಿಜವಾಗಿ ಏನು ತಲುಪಿತು ಎಂದು ತಿಳಿಯುವುದು

ಯಂತ್ರವನ್ನಲ್ಲ, ಕೋಶವನ್ನೇ ಕೇಳಬೇಕು. ಹಿಫ್-1 ಆಲ್ಫಾವನ್ನು ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಪಟ್ಟಿಯಾಗಿ (ಬ್ಯಾಂಡ್) ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡುವುದು ಮೊದಲ ಪರೀಕ್ಷೆ. ಇಲ್ಲಿ ಎಲ್ಲವೂ ವೇಗದ ಮೇಲೆ ನಿಂತಿದೆ: ಗಾಳಿಯ ಮಟ್ಟದ ಆಮ್ಲಜನಕದಲ್ಲಿ ಈ ಪ್ರೋಟೀನಿನ ಅರ್ಧಾಯುಷ್ಯ ಸುಮಾರು ಐದು ನಿಮಿಷ. ಪ್ಲೇಟನ್ನು ಹೊರತೆಗೆದು, ಹುಡ್‌ನಲ್ಲಿಟ್ಟು, ತೊಳೆಯುವ ಪಿ.ಬಿ.ಎಸ್. ದ್ರಾವಣ ಹುಡುಕಿ, ಎರಡು ಸಲ ತೊಳೆದು ಆಮೇಲೆ ಕೋಶವನ್ನು ಒಡೆಯುವ ಲೈಸಿಸ್ ಬಫರ್ ಹಾಕುವಷ್ಟರಲ್ಲಿ ಬ್ಯಾಂಡ್ ಮಾಯವಾಗಿರುತ್ತದೆ. ಐಸ್ ಪೆಟ್ಟಿಗೆ, ಪ್ರೋಟಿಯೇಸ್ ತಡೆಗಳನ್ನು ಬೆರೆಸಿದ ಬಫರ್, ಕೋಶ ಕೆರೆಯುವ ಸ್ಕ್ರೇಪರ್ ಇವನ್ನೆಲ್ಲ ಬಾಗಿಲಿನ ಪಕ್ಕದಲ್ಲೇ ಜೋಡಿಸಿಡಿ. ಮೀಡಿಯಾವನ್ನು ಒಂದೇ ಸಲಕ್ಕೆ ಹೀರಿ ತೆಗೆದು, ತಣ್ಣನೆಯ ಬಫರನ್ನು ಕೂಡಲೇ ಸುರಿಯಿರಿ. ಒಂದು ಪ್ಲೇಟ್ ಮುಗಿಯುವ ತನಕ ಇನ್ನೊಂದನ್ನು ಹೊರತೆಗೆಯಬೇಡಿ. ಬ್ಯಾಂಡ್ ಸುಮಾರು 120 ಕಿಲೋಡಾಲ್ಟನ್ ಬಳಿ ಕಾಣಬೇಕು. ಧನಾತ್ಮಕ ಹೋಲಿಕೆಗೆ 100 ಮೈಕ್ರೊಮೋಲಾರ್ ಕೋಬಾಲ್ಟ್ ಕ್ಲೋರೈಡ್ ಬಳಸಬಹುದು, ಆದರೆ ಅದು ಹಿಫ್ ಅನ್ನು ಸ್ಥಿರಗೊಳಿಸುತ್ತದೆಯೇ ಹೊರತು ಆಮ್ಲಜನಕವನ್ನು ಇಳಿಸುವುದಿಲ್ಲ. ಕೋಬಾಲ್ಟ್ ಹಾಕಿದ ಕೋಶಗಳನ್ನು 'ಹೈಪಾಕ್ಸಿಯ ಗುಂಪು' ಎಂದು ಕರೆಯುವುದು ತಪ್ಪು. ಅತಿ ಕಡಿಮೆ ಮಟ್ಟದ ಪ್ರಯೋಗಗಳಲ್ಲಿ ಪಿಮೊನಿಡಝೋಲ್ ಎಂಬ ಗುರುತು ರಾಸಾಯನಿಕವನ್ನು ಬಳಸಿ. ಅದು 10 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿರುವ ಕೋಶಗಳಲ್ಲಿ ಮಾತ್ರ ಅಂಟಿಕೊಳ್ಳುತ್ತದೆ.

ಜೀನು ಎಷ್ಟು ಚುರುಕಾಗಿದೆ ಎಂದು ಅಳೆಯುವ ಕ್ಯು.ಪಿ.ಸಿ.ಆರ್. ಮಾಡುವಾಗ ಜಿ.ಎ.ಪಿ.ಡಿ.ಎಚ್. ಅನ್ನು ಹೋಲಿಕೆಯ ಜೀನಾಗಿ ಬಳಸಬಾರದು. ಅದು ಸಕ್ಕರೆ ಒಡೆಯುವ ಕಿಣ್ವ. ಆಮ್ಲಜನಕ ಇಳಿದಾಗ ಅದೇ ಏರುತ್ತದೆ. ಏರುವ ವಸ್ತುವನ್ನೇ ಅಳತೆಗೋಲಾಗಿ ಹಿಡಿದರೆ ಗ್ಲುಟ್-1ರ ನಿಜವಾದ ಏರಿಕೆ ಕಡಿಮೆಯಾಗಿ ಕಾಣುತ್ತದೆ. ಎಚ್.ಪಿ.ಆರ್.ಟಿ.-1 ಅಥವಾ ಆರ್.ಪಿ.ಎಲ್.-13ಎ ಇಂಥವುಗಳಲ್ಲಿ ಎರಡನ್ನಾದರೂ ನಿಮ್ಮದೇ ಕೋಶಗಳಲ್ಲಿ ಪರಿಶೀಲಿಸಿ ಆರಿಸಿಕೊಳ್ಳಿ. ಎಂ.ಟಿ.ಟಿ. ಪರೀಕ್ಷೆಯಿಂದ ಕೋಶಗಳ ಸಂಖ್ಯೆಯನ್ನು ಊಹಿಸುವ ಅಭ್ಯಾಸವನ್ನೂ ಇಲ್ಲಿ ಬಿಡಬೇಕು, ಏಕೆಂದರೆ ಅದು ಅಳೆಯುವುದು ಕೋಶದ ಚಯಾಪಚಯವನ್ನು, ಮತ್ತು ಆಮ್ಲಜನಕ ಬದಲಾಯಿಸುವುದೂ ಅದನ್ನೇ. ಕೋಶಗಳನ್ನು ನೇರವಾಗಿ ಎಣಿಸಿ, ಇ.ಡಿ.ಯು. ಅಥವಾ ಕೆಐ-67 ಎಂಬ ಗುರುತುಗಳಿಂದ ವಿಭಜನೆಯನ್ನು ನೋಡಿ. ನೆಸ್ಟಿನ್ ಮತ್ತು ಸಾಕ್ಸ್-2 ಕಾಂಡಕೋಶದ ಗುರುತುಗಳು. ಬೀಟಾ-3 ಟ್ಯೂಬ್ಯುಲಿನ್ ನರಕೋಶದ್ದು, ಜಿ.ಎಫ್.ಎ.ಪಿ. ಆಸರೆ ಕೋಶವಾದ ಆಸ್ಟ್ರೋಸೈಟಿನದು, ಒ-4 ನರತಂತುಗಳಿಗೆ ಹೊದಿಕೆ ಕಟ್ಟುವ ಆಲಿಗೊಡೆಂಡ್ರೋಸೈಟಿನದು. ಜೀನಿನ ಗುರುತಾಗಿ ಹಸಿರು ಹೊಳಪಿನ ಜಿ.ಎಫ್.ಪಿ. ಪ್ರೋಟೀನನ್ನು ಬಳಸುವವರು ಆ ಹೊಳಪು ಮೂಡಲೂ ಆಮ್ಲಜನಕ ಬೇಕೆಂಬುದನ್ನು ಮರೆಯಬಾರದು. ಆಮ್ಲಜನಕ ಸೊನ್ನೆಯ ಸಮೀಪವಿದ್ದಾಗ ಜೀನು ಕೆಲಸ ಮಾಡುತ್ತಿದ್ದರೂ ಹಸಿರು ಕಾಣಿಸದೆ ಹೋಗಬಹುದು.

ಇಂಥ ಫಲಿತಾಂಶಗಳು ಸಿಕ್ಕಾಗ, ಹುಟ್ಟುವಾಗ ಉಸಿರುಗಟ್ಟಿದ ಮಗುವಿನ ಹೆತ್ತವರಿಂದ ಪ್ರಶ್ನೆಗಳು ಬರುವುದು ಸಹಜ. ತಟ್ಟೆಯೊಳಗಿನ ಶೇಕಡಾ 3ಕ್ಕೂ ಮಗುವಿಗೆ ಆಸ್ಪತ್ರೆಯಲ್ಲಿ ಕೊಡುವ ಆಮ್ಲಜನಕಕ್ಕೂ ನೇರ ಸಂಬಂಧವಿಲ್ಲವೆಂದು ಅವರಿಗೆ ಸ್ಪಷ್ಟವಾಗಿ ಹೇಳಬೇಕು. ಸಾಕಷ್ಟು ತೂಕವಿರುವ, ತಿಂಗಳು ತುಂಬಿದ ಅಂಥ ಶಿಶುಗಳಿಗೆ ಮೊದಲ 6 ಗಂಟೆಯೊಳಗೆ ಆರಂಭಿಸಿ 72 ಗಂಟೆಗಳ ಕಾಲ ಮೈಯನ್ನು ಸುಮಾರು 33.5 ಡಿಗ್ರಿಗೆ ತಂಪಾಗಿಡುವ ಚಿಕಿತ್ಸೆ ಇದೆ. ಅದು ನವಜಾತ ಶಿಶು ತಜ್ಞರ ನಿರ್ಧಾರ. ಮಿದುಳಿನ ತೊಂದರೆಗಳಿಗೆ ಕಾಂಡಕೋಶ ಚುಚ್ಚುತ್ತೇವೆಂದು ಹಣ ಕೇಳುವವರ ವಿಚಾರದಲ್ಲಿ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಸ್ಥಾಪಿತ ಚಿಕಿತ್ಸೆಯನ್ನು ಬಿಟ್ಟರೆ ಉಳಿದುದೆಲ್ಲ ಪ್ರಯೋಗದ ಹಂತದ್ದು, ಅದಕ್ಕಾಗಿ ರೋಗಿಯಿಂದ ಶುಲ್ಕ ಪಡೆಯುವಂತಿಲ್ಲ.

ಕೊನೆಗೆ, ಪ್ರಬಂಧದ ವಿಧಾನ ಭಾಗದಲ್ಲಿ 'ಕೋಶಗಳನ್ನು ಶೇಕಡಾ 3 ಆಮ್ಲಜನಕದಲ್ಲಿ ಬೆಳೆಸಲಾಯಿತು' ಎಂದಷ್ಟೇ ಬರೆದು ಬಿಡಬೇಡಿ. ಪೆಟ್ಟಿಗೆಯ ಗಾಳಿಯ ಮಟ್ಟ, ಊರಿನ ವಾಯುಭಾರ, ಪ್ಲೇಟಿನ ಬಗೆ, ಪ್ರತಿ ಗುಂಡಿಯ ಮೀಡಿಯಾದ ಪ್ರಮಾಣ ಮತ್ತು ಆಳ, ಬಿತ್ತಿದ ಹಾಗೂ ಕೊನೆಯಲ್ಲಿ ಎಣಿಸಿದ ಕೋಶಗಳ ಸಾಂದ್ರತೆ, ಮೀಡಿಯಾವನ್ನು ಮೊದಲೇ ಸಮತೋಲನಕ್ಕೆ ತರಲಾಗಿತ್ತೇ, ಎಷ್ಟು ಸಲ ಬಾಗಿಲು ತೆರೆಯಲಾಯಿತು, ತಳದಲ್ಲಿ ಅಳೆದಿದ್ದರೆ ಆ ಅಳತೆ, ಇವಿಷ್ಟನ್ನೂ ಬರೆಯಿರಿ. ಪತ್ರಿಕೆಯವರು ಜಾಗವಿಲ್ಲವೆಂದರೆ ಪೂರಕ ಕಡತದಲ್ಲಿ ಸೇರಿಸಿ.